ಸಮಾಧಾನ ಹೇಳಲು ಹೋದವಳು

ನಮ್ಮ ಚರ್ಚಿನ ಕನ್ನಡದಲ್ಲಿ ‘ಸಂದರ್ಶನ’ ಎಂಬ ಮಾತಿದೆ. ಸಭೆಯವರ ಮನೆಗೆ ಹೋಗುವುದು, ಕುಶಲ ವಿಚಾರಿಸುವುದು, ಒಂದು ಹಾಡು ಹಾಡಿ ಪ್ರಾರ್ಥನೆ ಮಾಡಿ ಬರುವುದು, ಇಷ್ಟಕ್ಕೆ ನಾವು ಹಾಗೆನ್ನುತ್ತೇವೆ. ಹೊರಗಿನ ಜಗತ್ತು ಈ ಮಾತನ್ನು ಯಾವಾಗಲೋ ನಮ್ಮ ಕೈಯಿಂದ ಕಸಿದುಕೊಂಡು ನೌಕರಿಯ ಇಂಟರ್‌ವ್ಯೂಗೆ ಕೊಟ್ಟುಬಿಟ್ಟಿದೆ. ಅದು ನನಗೆ ತಿಳಿದದ್ದು ಮುದನಾಳ ಎಂಬ ಹಳ್ಳಿಯಲ್ಲಿ. ಅಲ್ಲಿಯ ಒಂದು ಮನೆಗೆ ಫೋನ್ ಮಾಡಿ, “ನಾಳೆ ಮಧ್ಯಾಹ್ನ ಸಂದರ್ಶನಕ್ಕ ಬರ್ತೀವಿ” ಎಂದಿದ್ದೆ. ಹೋಗಿ ನೋಡಿದರೆ ಆ ಮನೆಯ ಸೊಸೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಾರ್ಕ್ಸ್ ಕಾರ್ಡು, ಆಧಾರ್ ಕಾರ್ಡುಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆವರುತ್ತ ಕೂತಿದ್ದಾಳೆ. ಅಂಗನವಾಡಿಗೆ ಅರ್ಜಿ ಹಾಕಿದ್ದಳಂತೆ. ನಾವು ಹಾಡಿದೆವು, ಪ್ರಾರ್ಥನೆ ಮಾಡಿದೆವು, ಚಹಾ ಕುಡಿದೆವು. ಎದ್ದು ಚಪ್ಪಲಿ ಮೆಟ್ಟುವಾಗ ಆಕೆ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದಳು: “ಟೀಚರಮ್ಮ, ರಿಸಲ್ಟ್ ಯಾವಾಗ್ರಿ?”

ದಾರಿಯುದ್ದಕ್ಕೂ ನಕ್ಕೆವು. ಆದರೆ ಆಕೆ ಕೇಳಿದ್ದು ಪೂರ್ತಿ ತಪ್ಪೇನಲ್ಲ. ಆ ದಿನಗಳಲ್ಲಿ ನಾನು ಮನೆಯಿಂದ ಮನೆಗೆ ಹೋಗಿ ಅಂಕ ಕೊಡುವ ಕೆಲಸವನ್ನೇ ಮಾಡುತ್ತಿದ್ದೆ. ಇವರು ಆರಾಧನೆಗೆ ತಪ್ಪದೆ ಬರುತ್ತಾರೆ, ಪಾಸು. ಇವರ ಮಗ ಭಾನುವಾರ ಕ್ರಿಕೆಟ್ಟಿಗೆ ಹೋಗುತ್ತಾನೆ, ನಪಾಸು.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಶಹಾಪುರದ ಒಂದು ಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಮನೆ ಯಾದಗಿರಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಭೀಮಾ ಸೇತುವೆ ದಾಟುವುದು, ಸಂಜೆ ಮತ್ತೆ ದಾಟುವುದು. ಮೇಷ್ಟರ ಕೆಲಸದಲ್ಲಿ ಅಂಟಿಕೊಳ್ಳುವ ಒಂದು ರೋಗವಿದೆ. ತರಗತಿಯಲ್ಲಿ ಮೌನ ಎಂದರೆ ಯಾರಿಗೋ ಉತ್ತರ ಬರಲಿಲ್ಲ ಎಂದು ಅರ್ಥ, ಕೂಡಲೇ ಆ ಖಾಲಿ ಜಾಗವನ್ನು ನಾವೇ ತುಂಬಬೇಕು. ನಿವೃತ್ತಿಯಾದ ಮೇಲೂ ಅದು ನನ್ನನ್ನು ಬಿಡಲಿಲ್ಲ. “ನೀ ಪ್ರಾರ್ಥನಿ ಚಾಲೂ ಮಾಡಿದ್ರ ನಾವು ಮನಿಗಿ ಹೋಗಿ ಅನ್ನ ಬಸದು ಬರಬಹುದು” ಎಂದು ನಮ್ಮ ಯಜಮಾನರೇ ಹೇಳುತ್ತಿದ್ದರು. ಇಂಥವಳನ್ನು ಹುಡುಕಿ ನಮ್ಮ ಸಭೆಯವರು ದುಃಖದಲ್ಲಿರುವವರ ಭೇಟಿಗೆ ನೇಮಿಸಿದರು. ನಾನೂ ಹುರುಪಿನಿಂದ ಒಂದು ನೋಟ್‌ಬುಕ್ ಮಾಡಿಕೊಂಡೆ. ಗಂಡ ಸತ್ತವರಿಗೆ ಹೇಳುವ ಮಾತು ಒಂದು ಪುಟದಲ್ಲಿ, ಬೆಳೆ ಕೆಟ್ಟವರಿಗೆ ಇನ್ನೊಂದರಲ್ಲಿ, ಹಾಸಿಗೆ ಹಿಡಿದವರಿಗೆ ಮತ್ತೊಂದರಲ್ಲಿ. ಪರೀಕ್ಷೆಗೆ ಟಿಪ್ಪಣಿ ಮಾಡಿಕೊಂಡ ಹಾಗೆ.

ಆ ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡೇ ನಾನು ರಾಮಸಮುದ್ರಕ್ಕೆ, ಸುಂದರಮ್ಮನ ಮನೆಗೆ ಹೋದೆ.

ಸುಂದರಮ್ಮ ಹೊಲದ ಕೆಲಸದವಳು. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಆಕೆಯ ದುಡಿಮೆ. ಓದು ಬಾರದು. ಆದರೆ ನಮ್ಮ ಚರ್ಚಿನಲ್ಲಿ ಇಪ್ಪತ್ತು ವರ್ಷದಿಂದ ಹಾಡು ಎತ್ತುತ್ತಿದ್ದವಳು ಆಕೆಯೇ. ಎಲ್ಲ ಹಾಡುಗಳ ಎಲ್ಲ ಚರಣಗಳೂ ಬಾಯಿಪಾಠ. ಆಕೆ ಮೊದಲ ಸಾಲು ಎತ್ತಿದಳೆಂದರೆ ಕೀಬೋರ್ಡಿನ ಹುಡುಗಿ ಬೆರಳಿನಿಂದ ಆ ಸ್ವರ ಹುಡುಕಿಕೊಂಡು ಹಿಂದೆ ಓಡುತ್ತಿದ್ದಳು, ಸಭೆಯೆಲ್ಲ ಅದರ ಹಿಂದೆ. ಗಂಡ ಮೊದಲೇ ತೀರಿಹೋಗಿದ್ದ. ಒಬ್ಬಳೇ ಮಗಳು ಕರುಣಾ ಯಾದಗಿರಿಯಲ್ಲಿ ಡಿಗ್ರಿ ಓದುತ್ತಿದ್ದಳು. ಕಾಮಾಲೆಯಾಗಿ ಹನ್ನೊಂದು ದಿನದಲ್ಲಿ ಹೋಗಿಬಿಟ್ಟಳು. ಮಣ್ಣು ಮಾಡಿದ ದಿನದಿಂದ ಸುಂದರಮ್ಮ ಚರ್ಚಿಗೆ ಬರಲಿಲ್ಲ. ಮೂರು ತಿಂಗಳು ಕಳೆಯಿತು. ಹಿರಿಯರೊಬ್ಬರು, “ಆಕಿ ವಿಶ್ವಾಸದಾಗ ಸಡ್ಲ ಆಗ್ಯಾಳ, ಟೀಚರಮ್ಮ. ಹೋಗಿ ಸಮಾಧಾನ ಮಾಡಿ ಕರ್ಕೊಂಡ ಬರ್ರಿ” ಎಂದರು.

ಹೋದೆ. ಸುಂದರಮ್ಮ ಹೊರಗೆ ಹೋಗಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿ, ತಾನು ನೆಲದ ಮೇಲೆ ಕೂತಳು. ನಾನು ಮಾತು ಶುರು ಮಾಡಿದೆ. ದೇವರ ಚಿತ್ತ, ಮನುಷ್ಯರ ಅಲ್ಪ ತಿಳಿವಳಿಕೆ, ಕಾಲವೇ ಮದ್ದು ಎಂಬುದು, ಸಭೆಯ ಒಡನಾಟದ ಅಗತ್ಯ, ಎಲ್ಲವೂ ಬಂತು. ಮುಕ್ಕಾಲು ಗಂಟೆಯಾಗಿರಬೇಕು. ಆಕೆ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಪರವಾಗಿಲ್ಲ, ಗಮನವಿಟ್ಟು ಕೇಳುತ್ತಿದ್ದಾಳೆ ಎಂದುಕೊಂಡೆ. ಕೊನೆಗೆ ಉಸಿರಾಡಲು ನಿಂತಾಗ ಕೇಳಿದಳು:

“ಮುಗೀತೇನ್ರಿ?”

“ಇವತ್ತಿಗಿ ಮುಗೀತು ಸುಂದರಮ್ಮ.”

“ಹಂಗಾದ್ರ ಜರಾ ಏಳ್ರಿ. ಕುರ್ಚಿ ಬಾಜೂ ಮನೀದು. ಕೊಟ್ಟು ಬರಬೇಕು.”

ನಮ್ಮ ಕಡೆಯ ಮಾತು ಬಿರುಸು ಎಂದು ಮೈಸೂರು ಕಡೆಯವರು ಹೇಳುತ್ತಾರೆ. ನಾನು ಇಲ್ಲೇ ಹುಟ್ಟಿ ಬೆಳೆದವಳು, ನನಗೆ ಅದು ಎಂದೂ ಹಾಗೆ ಕೇಳಿಸಿರಲಿಲ್ಲ. ಅವತ್ತು ಕೇಳಿಸಿತು.

ಒಂದು ವಾರ ಮನಸ್ಸಿಗೆ ಕಸಿವಿಸಿ. ಮುಂದಿನ ಗುರುವಾರ ಮತ್ತೆ ಹೋದೆ. ಪ್ರೀತಿಯಿಂದ ಹೋದೆ ಎಂದರೆ ಸುಳ್ಳು. ಸೋತ ಪಾಠವನ್ನು ಇನ್ನೊಮ್ಮೆ ಮಾಡಿ ಗೆಲ್ಲಬೇಕೆಂಬ ಹಟದಿಂದ ಹೋದೆ. ಆ ದಿನ ಒಳಗೆ ಇನ್ನೊಬ್ಬ ಹೆಂಗಸು ಕೂತಿದ್ದಳು. ಬಸಮ್ಮ, ಪಕ್ಕದ ಮನೆಯವಳು, ಸುಂದರಮ್ಮನ ಜೊತೆ ಹೊಲಕ್ಕೆ ಹೋಗುವವಳು. ಕುರ್ಚಿ ಅವಳದೇ ಎಂದು ಆಮೇಲೆ ತಿಳಿಯಿತು. ಈ ಸಲ ಕುರ್ಚಿ ಬರಲಿಲ್ಲ. ಇಬ್ಬರೂ ಎದುರು ಬದುರು ಕೂತು ತೊಗರಿಬೇಳೆಯಲ್ಲಿ ಹಳ್ಳು, ಅಂದರೆ ಸಣ್ಣ ಕಲ್ಲು, ಆರಿಸುತ್ತಿದ್ದರು. ನಾನು ಮೊಣಕಾಲು ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ಅಂತೂ ನೆಲಕ್ಕಿಳಿದೆ. ಗಂಟಲು ಸರಿಮಾಡಿಕೊಂಡು ಇನ್ನೇನು ಬಾಯಿ ತೆರೆಯಬೇಕು, ಬಸಮ್ಮ ಒಂದು ಮೊರದ ತುಂಬ ಬೇಳೆ ಹಾಕಿ ನನ್ನ ಕಡೆ ನೂಕಿದಳು. “ಹಿಡೀರಿ.”

ಕೈಗೆ ಕೆಲಸ ಬಂದರೆ ಬಾಯಿ ತಾನಾಗಿ ಸುಮ್ಮನಾಗುತ್ತದೆ ಎಂದುಕೊಂಡಿದ್ದರೆ ನೀವು ಮೇಷ್ಟರನ್ನು ನೋಡಿಲ್ಲ. ಆ ಒಂದು ತಾಸು ನಾನು ಪಟ್ಟ ಪಾಡು ನನಗೇ ಗೊತ್ತು. ಮಾತು ಹೊರಬಾರದಿರಲಿ ಎಂದು ಮನಸ್ಸಿನಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಹೇಳಿಕೊಂಡೆ. ಪ್ರಥಮೆಯಿಂದ ಸಪ್ತಮಿಗೆ ಹೋಗಿ, ಸಪ್ತಮಿಯಿಂದ ಹಿಂದಕ್ಕೆ ಬಂದೆ. ತೊಲೆಗಳನ್ನು ಎಣಿಸಿದೆ. ಬಸಮ್ಮ ನಡುನಡುವೆ, “ಕೋಳಿ ತತ್ತಿ ಎಲ್ಲೋ ಇಡಾಕತ್ತಾದ, ಸಿಗವಲ್ದು” ಎಂಬಂಥ ಮಾತು ಆಡುತ್ತಿದ್ದಳು. ಸುಂದರಮ್ಮ “ಹೂಂ” ಎನ್ನುತ್ತಿದ್ದಳು. ನಾನು ಮುಕ್ಕಾಲು ಗಂಟೆ ಮಾತಾಡಿದ ದಿನ ಆ “ಹೂಂ” ಕೂಡ ನನಗೆ ಸಿಕ್ಕಿರಲಿಲ್ಲ.

ಹೀಗೇ ಗುರುವಾರಗಳು ಬಂದವು. ಒಮ್ಮೆ ಬೇಳೆ, ಒಮ್ಮೆ ಶೇಂಗಾ, ಒಮ್ಮೆ ಏನೂ ಇಲ್ಲದೆ ಬರೀ ಕೂತದ್ದು. ಬರುವಾಗ ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ಈ ‘ಸಮಾಧಾನ’ ಎಂಬ ಮಾತನ್ನೇ ನೋಡಿ. ಚರ್ಚಿನಲ್ಲಿ ಅದು ದೇವರು ಕೊಡುವ ಶಾಂತಿ. ಮನೆಯಲ್ಲಿ ಅದು ಅಳುವ ಕೂಸಿಗೆ ಮಾಡುವ ಉಪಚಾರ. ಶಾಲೆಯ ವಾದ-ವಿವಾದದಲ್ಲಿ ಅದೇ ಆಕ್ಷೇಪಣೆಗೆ ಕೊಡುವ ಉತ್ತರ. ನಾನು ಮೂರನೆಯದನ್ನು ಹಿಡಿದುಕೊಂಡು ಹೋಗಿದ್ದೆ, ಸುಂದರಮ್ಮನ ದುಃಖ ಒಂದು ಪ್ರಶ್ನೆ, ನನ್ನ ಚೀಲದಲ್ಲಿ ಅದರ ಉತ್ತರವಿದೆ ಎಂಬಂತೆ. ನೋಟ್‌ಬುಕ್ಕನ್ನು ಮನೆಯಲ್ಲೇ ಬಿಟ್ಟು ಹೋಗತೊಡಗಿದೆ.

ಆರನೆಯದೋ ಏಳನೆಯದೋ ಗುರುವಾರ. ಮೂವರೂ ಬೇಳೆ ಆರಿಸುತ್ತಿದ್ದೆವು. ಸುಂದರಮ್ಮ ತಲೆಯೆತ್ತದೆ ಕೇಳಿದಳು:

“ಟೀಚರಮ್ಮ, ಅವತ್ತ ಮಣ್ಣಿನ್ಯಾಗ ನನಗ ಹಾಡು ಎತ್ತು ಅಂದ್ರೆಲ್ಲ, ಯಾಕಂದ್ರಿ?”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನೆನಪಾಯಿತು. ಮಣ್ಣು ಮಾಡುವ ದಿನ ಕರುಣಾಳ ಪೆಟ್ಟಿಗೆ ಕುಣಿಯ ಪಕ್ಕದಲ್ಲಿತ್ತು. ಪಾಸ್ಟರು “ಒಂದು ಹಾಡು ಹಾಡೋಣ” ಎಂದರು. ಯಾರೂ ಎತ್ತಲಿಲ್ಲ. ಎತ್ತುವವಳು ಯಾವಾಗಲೂ ಒಬ್ಬಳೇ ಆಗಿದ್ದರಿಂದ ಉಳಿದವರಿಗೆ ಅಭ್ಯಾಸವೇ ಇರಲಿಲ್ಲ. ಒಂದು ಗಳಿಗೆ ಎಲ್ಲ ಸುಮ್ಮನೆ ನಿಂತರು. ಆ ಖಾಲಿ ಗಳಿಗೆಯನ್ನು ನನ್ನಿಂದ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಸುಂದರಮ್ಮನ ಮೊಣಕೈ ಮುಟ್ಟಿ, “ಸುಂದರಮ್ಮ, ನೀನೇ ಎತ್ತು” ಎಂದಿದ್ದೆ. ಹೌದು, ನಾನೇ.

“ಎತ್ತಿದೆ,” ಎಂದಳು ಸುಂದರಮ್ಮ. “ಎಲ್ಲಾರೂ ನನ್ನ ಬಾಯಿ ನೋಡಾಕತ್ತಿದ್ರು. ಪದ ತಪ್ಪಬಾರದು, ದನಿ ಒಡೀಬಾರದು ಅಂತ ಕಣ್ಣು ಮುಚ್ಚಿ ಹಾಡಿದೆ. ಮೂರು ಚರಣ. ಕಣ್ಣು ತೆಗೆಯೂದ್ರಾಗ ಮಣ್ಣು ಮುಚ್ಚಿದ್ರು. ಮಗಳು ಒಳಗ ಇಳಿಯೂದು ನಾ ನೋಡ್ಲೇ ಇಲ್ರಿ.”

ಒಂದು ಹಳ್ಳು ಆರಿಸಿ ಪಕ್ಕಕ್ಕಿಟ್ಟು ಮತ್ತೆ ಹೇಳಿದಳು.

“ಎಲ್ಲಾರೂ ನನಗ ದೇವರ ಮ್ಯಾಲ ಸಿಟ್ಟದ ಅಂತಾರ. ದೇವರ ಮ್ಯಾಲ ಸಿಟ್ಟಿಲ್ರಿ. ಹಾಡಿನ ಮ್ಯಾಲ ಅದ.” ತಲೆಯೆತ್ತಿ, “ನಿಮ್ಮ ಮ್ಯಾಲೂ ಅದ,” ಎಂದಳು.

ಮೂವತ್ತು ವರ್ಷ ಭಾಷೆ ಕಲಿಸಿದವಳಿಗೆ ಸಿಕ್ಕಿದ್ದು ಎರಡೇ ಮಾತು. “ತಪ್ಪಾಯ್ತು, ಸುಂದರಮ್ಮ.”

ಆಕೆ ಪರವಾಗಿಲ್ಲ ಎನ್ನಲಿಲ್ಲ. ಬಿಡ್ರಿ ಎನ್ನಲಿಲ್ಲ. ಬೇಳೆ ಆರಿಸುತ್ತಲೇ ಇದ್ದಳು. ನಾನೂ ಆರಿಸುತ್ತಿದ್ದೆ, ಆದರೆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬಸಮ್ಮ ನನ್ನ ಕೈಯಿಂದ ಮೊರ ಎಳೆದುಕೊಂಡಳು. “ಕೊಡ್ರಿ ಇತ್ಲಾಗ. ನಿಮ್ಮ ಬ್ಯಾಳ್ಯಾಗ ಹಳ್ಳು ಹಂಗೇ ಅದಾವ.”

ಮುಂದಿನ ಗುರುವಾರ ಹೋಗಲು ಹೆದರಿಕೆಯಾಯಿತು. ಆದರೂ ಹೋದೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಸುಂದರಮ್ಮ ಚಹಾಕ್ಕೆ ನೀರಿಟ್ಟಿದ್ದಳು. ಬಸ್ಸು ಬರುವ ಹೊತ್ತು ಆಕೆಗೆ ಗೊತ್ತಾಗಿಬಿಟ್ಟಿತ್ತು.

ಊರಿಗೆ ಬಂದು ಪಾಸ್ಟರಿಗೂ ಹಿರಿಯರಿಗೂ ನಡೆದದ್ದನ್ನು ಹೇಳಿದೆ. ಆಕೆ ಬಂದರೆ ಬರಲಿ, ಆದರೆ ಹಾಡು ಎನ್ನುವ ಮಾತು ಯಾರ ಬಾಯಿಂದಲೂ ಬರಕೂಡದು ಎಂದೆ. “ಹಂಗಾದ್ರ ಹಾಡು ಯಾರು ಎತ್ತೂರು?” ಎಂದು ಹಿರಿಯರು ಕೇಳಿದರು. “ನಾನು” ಎಂದೆ. ಅವರು ನನ್ನ ಮುಖವನ್ನು ಕನಿಕರದಿಂದ ನೋಡಿದರು.

ನನ್ನ ಹಾಡಿನ ಬಗ್ಗೆ ಹೆಚ್ಚು ಹೇಳುವುದು ಬೇಡ. ಕೀಬೋರ್ಡಿನ ಹುಡುಗಿ ಮೊದಲ ಭಾನುವಾರ ನನ್ನ ಸ್ವರ ಹುಡುಕಿ ಹುಡುಕಿ, ಅದು ಯಾವ ಕಪ್ಪು-ಬಿಳಿ ಮನೆಯಲ್ಲೂ ಸಿಗದೆ, ಕೈ ಮಡಚಿ ಕೂತಳು. ಸಂಡೇ ಸ್ಕೂಲಿನ ಮಕ್ಕಳು ಅಂಗಳದಲ್ಲಿ ನನ್ನ ಹಾಗೆ ಹಾಡಿ ತೋರಿಸುವ ಆಟ ಕಟ್ಟಿದರು. ಆದರೂ ಒಂದು ವಿಚಿತ್ರ ನಡೆಯಿತು. ನನ್ನನ್ನು ಕಾಪಾಡಬೇಕೆಂಬ ಕರುಣೆಯಿಂದ, ಎಂದೂ ಬಾಯಿ ಬಿಡದವರೆಲ್ಲ ಗಟ್ಟಿಯಾಗಿ ಹಾಡತೊಡಗಿದರು.

ಅಂಥ ಒಂದು ಭಾನುವಾರ ಸುಂದರಮ್ಮ ಬಂದು ಹಿಂದಿನ ಗೋಡೆಗೆ ಒರಗಿ ಕೂತಳು. ಯಾರೂ ತಿರುಗಿ ನೋಡಲಿಲ್ಲ. ಹಾಡು ನಡೆಯುವಾಗ ಆಕೆ ಬಾಯಿ ತೆರೆಯಲಿಲ್ಲ. ಮುಂದಿನ ವಾರವೂ ಬಂದಳು, ಅದರ ಮುಂದಿನ ವಾರವೂ. ಹಿರಿಯರು ನನ್ನ ಕಿವಿಯಲ್ಲಿ, “ಆಕಿ ಹಾಡಿದ್ರ ವಿಶ್ವಾಸ ಗಟ್ಟಿ ಆಗ್ಯಾದ ಅಂತ ತಿಳೀಬಹುದಿತ್ತು” ಎಂದರು. “ಆಕಿ ಬಂದಾಳೆಲ್ರಿ, ಇನ್ನ ಎಷ್ಟು ಗಟ್ಟಿ ಬೇಕು?” ಎಂದೆ. ಇಷ್ಟು ಚಿಕ್ಕ ಉತ್ತರ ನನ್ನಿಂದ ಬಂದದ್ದು ಕೇಳಿ ಅವರಿಗೇ ಆಶ್ಚರ್ಯವಾಯಿತು.

ಕೆಲವು ತಿಂಗಳ ಮೇಲೆ ಸುಂದರಮ್ಮನೇ ಕೇಳಿದಳು, “ನೀವು ದುಃಖದ ಮನಿಗಿ ಹೋಗ್ತೀರೆಲ್ಲ, ನಾನೂ ಬರ್ಲೇನ್ರಿ? ಮಾತಾಡಂಗಿಲ್ಲ. ಕುಂಡರ್ತೀನಿ.” ಆಗಿನಿಂದ ಕೆಲಸವಿಲ್ಲದ ದಿನ ನನ್ನ ಜೊತೆ ಬರುತ್ತಾಳೆ. ಹೇಳಿದ ಹಾಗೆ ಸುಮ್ಮನೆ ಕೂರುತ್ತಾಳೆ. ಮನೆಯವರ ಪಾತ್ರೆ ಬಿದ್ದಿದ್ದರೆ ತಿಕ್ಕುತ್ತಾಳೆ.

ಹೋದ ತಿಂಗಳು ಶಹಾಪುರಕ್ಕೆ ಹೋಗಿದ್ದೆವು. ಎಸ್ತೇರಮ್ಮ ಎಂಬಾಕೆಯ ಗಂಡ ತೀರಿಕೊಂಡು ಎರಡು ದಿನವಾಗಿತ್ತು. ಎಪ್ಪತ್ತು ದಾಟಿದ ಹೆಂಗಸು, ಐವತ್ತು ವರ್ಷದ ಸಂಸಾರ. ಹೊಸದಾಗಿ ಬಂದ ಎಳೆಯ ಪಾಸ್ಟರು ನಮ್ಮ ಜೊತೆಗಿದ್ದರು. ಒಳ್ಳೆಯ ಮನಸ್ಸಿನವರು. ಅವರು ಎಸ್ತೇರಮ್ಮನ ಹತ್ತಿರ ಬಾಗಿ, “ಅಮ್ಮಾ, ನೀವೇ ಒಂದು ಪ್ರಾರ್ಥನಿ ಮಾಡ್ರಿ. ಮನಸ್ಸು ಹಗುರಾಗ್ತದ” ಎಂದರು.

ಎಸ್ತೇರಮ್ಮ ಹೇಳಿದ್ದನ್ನು ಕೇಳುವ ಅಭ್ಯಾಸದವಳು. ನೆಟ್ಟಗೆ ಕೂತಳು. ಸೆರಗು ತಲೆಗೆ ಎಳೆದುಕೊಂಡಳು. ಕೈ ಜೋಡಿಸಿದಳು. ಮಾತು ಬರಲಿಲ್ಲ. ನಾವೆಲ್ಲ ಕಣ್ಣು ಮುಚ್ಚಿ ಕಾಯುತ್ತಿದ್ದೆವು. ನಾನು ಕಣ್ಣು ತೆರೆದು ನೋಡಿದೆ. ಏನಾದರೂ ಹೇಳಬೇಕು, ಆದರೆ ಈ ಒಂದೂವರೆ ವರ್ಷದಲ್ಲಿ ಮಾತಾಡುವ ಧೈರ್ಯವನ್ನೇ ಕಳೆದುಕೊಂಡಿದ್ದೆ.

“ಪಾಸ್ಟರ್ ಸಾಹೇಬ್ರ,” ಎಂದಳು ಸುಂದರಮ್ಮ. “ಆಕಿಗಿ ಇವತ್ತ ಬಿಡ್ರಿ. ಹತ್ತಿ ಬಿಡಸೂ ಹೊಲದಾಗ ಒಬ್ಬಾಕಿ ಜ್ವರ ಬಂದು ಬದುವಿನ ಮ್ಯಾಲ ಕುಂತ್ರ, ಆಕಿ ಸಾಲು ನಾವು ಹಿಡೀತೀವಿ. ಇದನ್ನೂ ನಾವು ಹಿಡಿಯೂನು.”

ಪಾಸ್ಟರು ಕಣ್ಣು ತೆರೆದರು. ಒಂದು ಗಳಿಗೆ ಸುಂದರಮ್ಮನನ್ನು ನೋಡಿ, ಆಮೇಲೆ ತಾವೇ ನಾಲ್ಕು ಮಾತಿನ ಪ್ರಾರ್ಥನೆ ಮಾಡಿದರು. ನಾನು ಕೇಳಿದ ಪ್ರಾರ್ಥನೆಗಳಲ್ಲೇ ಅಷ್ಟು ಚಿಕ್ಕದು, ಅಷ್ಟು ಒಳ್ಳೆಯದು ಇನ್ನೊಂದಿಲ್ಲ. ಎಸ್ತೇರಮ್ಮ ಜೋಡಿಸಿದ ಕೈ ಬಿಟ್ಟು ಗೋಡೆಗೆ ಒರಗಿದಳು.

ಹಾಡು ಎತ್ತುವುದು ನನ್ನ ಪಾಳಿ. ಎತ್ತಿದೆ. ಎರಡನೇ ಸಾಲಿಗೆ ಹೋಗುವಷ್ಟರಲ್ಲಿ ಅದು ನನ್ನ ಗಂಟಲಿಗೆ ಎಟುಕದ ಎತ್ತರಕ್ಕೆ ಏರಿ ಅಲ್ಲೇ ಸಿಕ್ಕಿಹಾಕಿಕೊಂಡಿತು. ಪಕ್ಕದಿಂದ ಸುಂದರಮ್ಮ ನನ್ನ ಮೊಣಕೈ ಮುಟ್ಟಿದಳು.

“ಟೀಚರಮ್ಮ,” ಎಂದಳು ಕಿವಿಯ ಹತ್ತಿರ, “ನೀವು ತುಟಿ ಅಷ್ಟ ಅಳ್ಳಾಡಸ್ರಿ.”

ಆಮೇಲೆ ಕೆಳಗಿನ ಸ್ವರ ಹಿಡಿದು, ಮಲಗಿದವರ ಹತ್ತಿರ ಮಾತಾಡುವಷ್ಟೇ ದನಿಯಲ್ಲಿ, ಮೊದಲಿನಿಂದ ಎತ್ತಿದಳು. ಕಣ್ಣು ಮುಚ್ಚಲಿಲ್ಲ. ಮೂರೂ ಚರಣ ಮುಗಿಯುವವರೆಗೆ ಎಸ್ತೇರಮ್ಮನನ್ನೇ ನೋಡುತ್ತ ಹಾಡಿದಳು. ಎಸ್ತೇರಮ್ಮ ತಡೆಯಿಲ್ಲದೆ ಅತ್ತಳು. ನಾನು ತುಟಿ ಅಳ್ಳಾಡಿಸುತ್ತಿದ್ದೆ.