ಒಣ ಬ್ರಷ್ಷಿನ ಪಾಲಾಕ್ಷ

ನಮ್ಮೂರು ದುದ್ದದ ಪಾಲಾಕ್ಷನಿಗೆ ‘ಒಣ ಬ್ರಷ್’ ಎಂದರೆ ಬೈಗುಳ. ಬಣ್ಣ ಉಳಿಸಲು ಅರೆಬರೆ ಅದ್ದಿ, ಗೋಡೆ ತುಂಬಾ ಗೀರು ಬಿಟ್ಟು ಹೋಗುವ ಕಳ್ಳ ಪೇಂಟರ್‌ಗೆ ಅವನ ಕಸುಬಿನವರು ಇಟ್ಟ ಹೆಸರು ಅದು. ಮೂವತ್ನಾಲ್ಕು ವರ್ಷ ಗೋಡೆ ಬಳಿದವನು ಒಮ್ಮೆಯೂ ಆ ಮಾತು ಕೇಳಿಸಿಕೊಂಡಿರಲಿಲ್ಲ.

ಭುಜ ಕೈಕೊಟ್ಟಿತು. ಇನ್ನು ಏಣಿ ಹತ್ತಬಾರದು ಎಂದರು ಡಾಕ್ಟರು. ನಾಲ್ಕು ತಿಂಗಳು ಮನೆಯಲ್ಲಿ ಕೂತು, ಹೆಂಡತಿ ಗಂಗಾಂಬಿಕೆ ಮಾಡಿದ ಸಾರಿನಲ್ಲಿ ಹುಳುಕು ಹುಡುಕುತ್ತಿದ್ದ. ಬಣ್ಣ ಬಿಟ್ಟು ಬೇರೇನೂ ಬಾರದ ಮನುಷ್ಯ, ಹೀಗೇ ಬಿಟ್ಟರೆ ಕೆಡುತ್ತಾನೆ ಅನ್ನಿಸಿ, ಪಕ್ಕದ ಮನೆಯವನಾದ ನಾನೇ ಸ್ಕೂಟರಿಗೆ ಹತ್ತಿಸಿಕೊಂಡು ಹಾಸನದ ಶಿವರಂಜನಿಯವರ ಹತ್ತಿರ ಕರೆದೊಯ್ದೆ. ಆಕೆ ಕಟ್ಟಡಗಳ ಪುಟಾಣಿ ಮಾದರಿ ಮಾಡಿಕೊಡುತ್ತಾರೆ. ಕೂತು ಮಾಡುವ ಕೆಲಸ. ಒಂದು ದಿನ ನೋಡೋಣ, ಕೈ ಕುದುರಿದರೆ ಇಟ್ಟುಕೊಳ್ಳುತ್ತೇನೆ ಎಂದಿದ್ದರು.

ಮೇಜಿನ ಮೇಲೆ ಚನ್ನರಾಯಪಟ್ಟಣದ ಹಳೇ ಅಕ್ಕಿ ಮಿಲ್ಲು, ಒಂದು ಮೊಳ ಉದ್ದ. ಕೆಡವಿದ ಆ ಮಿಲ್ಲಿನ ಯಜಮಾನರು ಚಂದ್ರಶೇಖರಯ್ಯ ನೆನಪಿಗೆಂದು ಮಾಡಿಸುತ್ತಿದ್ದರು, ನಾಲ್ಕು ಗಂಟೆಗೆ ನೋಡಲು ಬರುವವರಿದ್ದರು. ಚಾವಣಿಯ ಮೇಲೆ ಅಕ್ಕಿಕಾಳಿನಷ್ಟು ಹೆಂಚುಗಳು, ಎಲ್ಲಕ್ಕೂ ಕಪ್ಪು ಬಳಿದು ಒಣಗಿಸಿದ್ದರು. ಹತ್ತಿರದಿಂದ ನೋಡಿದರೂ ಬರೀ ಕಪ್ಪು ಹಲಗೆ.

“ಪಾಲಾಕ್ಷಣ್ಣ, ಇದಕ್ಕೆ ಇಟ್ಟಿಗೆ ಬಣ್ಣದಲ್ಲಿ ಡ್ರೈ ಬ್ರಷ್ ಮಾಡಿ,” ಎಂದರು ಶಿವರಂಜನಿ.

ಅವನ ಮುಖ ಕೆಂಪೇರಿತು. “ನಂಗೆ ಆ ಕಳ್ಳಗೆಲ್ಸ ಬರಾಕಿಲ್ಲ ಕಣವ್ವ,” ಎಂದವನೇ ಬ್ರಷ್ ತುಂಬಾ ಬಣ್ಣ ಅದ್ದಿ ಚಾವಣಿಯ ಮೂಲೆಗೆ ಎಳೆದ. ಬಣ್ಣ ಸಂದಿಗಳಿಗೆಲ್ಲ ಇಳಿದು ಇದ್ದಬದ್ದ ಗೆರೆಗಳೂ ಮುಚ್ಚಿಹೋದವು. ಗಂಟೆ ಎರಡೂವರೆ. ಕರೆತಂದವನು ನಾನು ತಾನೆ?

ಆಕೆ ಬೈಯಲಿಲ್ಲ. ಒದ್ದೆ ಬಣ್ಣ ಒರೆಸಿ ತೆಗೆದರು. ಬೇರೆ ಬ್ರಷ್ಷಿನ ತುದಿಗೆ ಬಣ್ಣ ಮುಟ್ಟಿಸಿ, ಹಳೇ ಬನಿಯನ್ ಬಟ್ಟೆಗೆ ಒರೆಸಿದರು, ಮತ್ತೆ ಒರೆಸಿದರು, ಗುರುತೂ ಬೀಳದಷ್ಟು.

“ಬಣ್ಣವೆಲ್ಲಾ ಬಟ್ಟೆಗೇ ಓಯ್ತಲ್ಲವ್ವ,” ಎಂದು ಪಾಲಾಕ್ಷ ಸಂಕಟಪಟ್ಟ.

“ಉಳಿದಿದ್ದೇ ಸಾಕು, ನೋಡಿ.”

ಆ ಬ್ರಷ್ಷನ್ನು ಹೆಂಚಿನ ಮೇಲೆ ಹಗುರವಾಗಿ ಅತ್ತಿತ್ತ ಆಡಿಸಿದರು. ಉಬ್ಬಿದ ಅಂಚಿಗೆ ಮಾತ್ರ ಬಣ್ಣ ಹತ್ತಿತು, ಸಂದಿಯಲ್ಲಿ ಕಪ್ಪು ಹಾಗೇ ಉಳಿಯಿತು. ಒಂದೊಂದೇ ಹೆಂಚು ಎದ್ದು ಬಂತು!

ಪಾಲಾಕ್ಷ ಕೇಳಲೂ ಇಲ್ಲ, ಬ್ರಷ್ ಕಿತ್ತುಕೊಂಡ. ಭುಜ ಎತ್ತುವ ಮಾತೇ ಇಲ್ಲ, ಮಣಿಕಟ್ಟು ಆಡಿದರೆ ಸಾಕು. ಎಷ್ಟು ಒತ್ತಿದರೆ ಬ್ರಷ್ ಎಷ್ಟು ಬಣ್ಣ ಬಿಡುತ್ತದೆ ಎಂದು ಆ ಕೈಗೆ ಯಾರೂ ಹೇಳಿಕೊಡಬೇಕಿರಲಿಲ್ಲ. “ಬತ್ತೈತೆ ನೋಡ್ಲಾ, ಬತ್ತೈತೆ,” ಎಂದು ನನ್ನನ್ನು ಮೊಣಕೈಯಿಂದ ತಿವಿಯುತ್ತಲೇ ಇದ್ದ. ಖುಷಿಗೆ ನನಗೂ ಕೂತಲ್ಲಿ ಕೂರಲಾಗಲಿಲ್ಲ. ಹೆಂಚು ಮುಗಿಸಿ ಬಾಗಿಲ ಮೊಳೆಗಳಿಗೆ ಬಂದ, ಅಲ್ಲಿಂದ ಕಿಟಕಿ ಸರಳಿಗೆ. ಟೀ ತಂದಿಟ್ಟರೆ ಆರಿಹೋಯಿತು.

ನಾಲ್ಕಕ್ಕೆ ಚಂದ್ರಶೇಖರಯ್ಯ ಬಂದರು. ಬಗ್ಗಿ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. ಆಮೇಲೆ ಚಾವಣಿಯ ಬಲಗಡೆಗೆ ಬೆರಳು ತೋರಿಸಿ, “ಇಲ್ಲಿ ಮೂರು ಹೆಂಚು ಒಡೆದಿದ್ವು. ಮಳೆ ಬಂದ್ರೆ ಮೂಟೆ ಮೇಲೆ ತೊಟ್ಟಿಕ್ಕೋದು. ಅದನ್ನೂ ಮಾಡ್ತೀರಾ?” ಎಂದು ಕೇಳಿದರು. ಕೇಳಿದ್ದು ಶಿವರಂಜನಿಯನ್ನಲ್ಲ, ಪಾಲಾಕ್ಷನನ್ನು.

ಪಾಲಾಕ್ಷ ಶಿವರಂಜನಿಯ ಮುಖ ನೋಡಿದ.

“ನಾಳೆ ಬಂದು ಮಾಡ್ತಾರೆ,” ಎಂದರು ಆಕೆ.