ಚೈನಿನ ಸದ್ದು ಅಡಗಿದ ವರ್ಷ

ಅರವತ್ತರ ದಶಕದಲ್ಲಿ ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ಕಾರುಗಳು ಬೆರಳೆಣಿಕೆಯಷ್ಟು. ಅದರಲ್ಲಿ ಒಂದನ್ನು ನಾನು ಓಡಿಸುತ್ತಿದ್ದೆ. ಕಾರು ನನ್ನದಲ್ಲ, ಬೋಡಿಮೆಟ್ಟು ಘಾಟಿಯ ಮೇಲೆ ಏಲಕ್ಕಿ ತೋಟವಿದ್ದ ನಮ್ಮ ಧಣಿ ಮೊದಲಾಳಿಯದು. ಆದರೆ ಅದರ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ಹೇಳುವ ಅಧಿಕಾರ ನನ್ನದು. ಇಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಸವೆದಿದೆ ಎಂದು ಹೇಳುತ್ತಾನೆ ಎಂಬ ಹೆಸರು ನನಗಿತ್ತು. ಲಾರಿಯವರು ಕೂಡ ಮನೆ ಮುಂದೆ ನಿಲ್ಲಿಸಿ, "ಒಸಿ ಕಿವಿ ಕೊಡಣ್ಣ" ಅನ್ನುತ್ತಿದ್ದರು. ನಾನು ದೊಡ್ಡ ಸಂಗೀತ ವಿದ್ವಾಂಸನ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಆ ಜಂಬ ನೆನೆದರೆ ಈಗ ನಾಚಿಕೆಯಾಗುತ್ತದೆ.

ಇಂಜಿನ್ನಿನ ಮುಂಭಾಗದಲ್ಲಿ, ತಗಡಿನ ಮುಚ್ಚಳದ ಹಿಂದೆ, ಒಂದು ಚೈನು ಇರುತ್ತದೆ. ಟೈಮಿಂಗ್ ಚೈನು ಅನ್ನುತ್ತಾರೆ. ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವುದು ಅದರಿಂದಲೇ. ಸವೆದಂತೆಲ್ಲ ಅದು ಜೋಲು ಬಿದ್ದು ಮುಚ್ಚಳಕ್ಕೆ ಬಡಿಯುತ್ತದೆ, ಚರಚರ ಅನ್ನುತ್ತದೆ. ಹಾಗೇ ಬಿಟ್ಟರೆ ಒಂದು ದಿನ ತುಂಡಾಗಿ ಇಂಜಿನ್ ನಿಂತುಹೋಗುತ್ತದೆ. ಅದು ಘಾಟಿಯ ತಿರುವಿನಲ್ಲೇ ಆದರೂ ಕೇಳುವವರಿಲ್ಲ. ಬದಲಿಸಬೇಕೆಂದರೆ ದಿಂಡಿಗಲ್ಲಿಗೆ ಹೋಗಿ ಮುಂಭಾಗವನ್ನೆಲ್ಲ ಬಿಚ್ಚಬೇಕು, ಚೈನು ಮಧುರೆಯಿಂದ ಬರಬೇಕು, ಅಲ್ಲಿಯವರೆಗೆ ಕಾರು ಇಲ್ಲ. ಯಾವಾಗ ಬದಲಿಸಬೇಕು ಎನ್ನುವುದನ್ನು ಕಿವಿಯೇ ಹೇಳಬೇಕಿತ್ತು. ಆ ವರ್ಷ ಬೇಸಿಗೆಯಲ್ಲಿ ನಮ್ಮ ಚೈನು ಚರಚರ ಶುರು ಮಾಡಿತು. "ನೀ ಯಾವಾಗ ಅಂತೀಯೋ ಅವಾಗ ಬಿಚ್ಚಾನ ತಂಬಿ" ಎಂದರು ಮೊದಲಾಳಿ. ಏಲಕ್ಕಿ ಕೊಯ್ಲು ಮುಗಿಯಲಿ, ಇನ್ನೂ ತಡೆಯುತ್ತದೆ ಎಂದೆ.

ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ನಮ್ಮ ಆರು ವರ್ಷದ ಮಗಳಿಗೆ ಜ್ವರ ಬಂತು. ನಮಗಿದ್ದವಳು ಅವಳೊಬ್ಬಳೇ. ಮೂರನೆಯ ದಿನ ಮಧ್ಯಾಹ್ನ ಡಾಕ್ಟರು, ತಡ ಮಾಡದೆ ಮಧುರೆಗೆ ಕರೆದುಕೊಂಡು ಹೋಗಿ ಎಂದರು. ಮೊದಲಾಳಿ ಕಾರು ಕೊಟ್ಟರು. ಅಷ್ಟು ದೂರ ಚೈನು ತಾಳೀತೇ ಎಂಬ ಭಯ ನನಗೆ. ಅಂಗಳದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ, ಒಂದು ನಿಮಿಷ ಓಡಿಸಿ ಕೇಳಿದೆ. ಬೇಸಿಗೆಗಿಂತ ಕಡಿಮೆಯೇ ಅನ್ನಿಸಿತು. ಇಂಜಿನ್ ಆರಿಸಿ ರೇಡಿಯೇಟರಿಗೆ ನೀರು ತುಂಬಿದೆ. ಜಗುಲಿಯ ಮೇಲೆ ಹೆಂಡತಿಯ ತೊಡೆಯಲ್ಲಿ ತಲೆಯಿಟ್ಟು ಮಲಗಿದ್ದ ಮಗಳನ್ನು ಎತ್ತಿಕೊಳ್ಳಲು ಹೋದರೆ, ಉಸಿರಿರಲಿಲ್ಲ. ಆಗ ಹೆಂಡತಿ ನನ್ನನ್ನು ನೋಡಿದ ನೋಟವನ್ನು ದುಃಖ ಅಂದುಕೊಂಡೆ. ಬರೀ ದುಃಖವಾಗಿದ್ದರೆ ಅದನ್ನು ಇಬ್ಬರೂ ಹಂಚಿಕೊಳ್ಳಬಹುದಿತ್ತು.

ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಗುತ್ತಾ ಹೋಯಿತು. ಊಟಕ್ಕೆ ಬಡಿಸಿ ಒಲೆಯ ಕಡೆ ತಿರುಗಿ ಕೂರುವಳು. ಬೀದಿಯ ಹೆಂಗಸರ ಜೊತೆ ಅವಳ ಬಾಯಾಡುವುದನ್ನು ದೂರದಿಂದ ನೋಡುತ್ತಿದ್ದೆ. ಅವರ ಹತ್ತಿರ ಆಡುವ ಮಾತು ನನ್ನ ಹತ್ತಿರ ಮಾತ್ರ ಇಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ದೀಪಾವಳಿಗೆ ವಾರವಿದೆ ಅನ್ನುವಾಗ ತೋಟದಿಂದ ಇಳಿದು ಬಂದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯ ಅಜ್ಜಿ ಬೀಗದ ಕೈ ಕೊಟ್ಟು, ಒಡ್ಡನ್‌ಛತ್ರಕ್ಕೆ, ತಾಯಿಯ ಮನೆಗೆ ಹೋದಳು ಎಂದಳು. ನನಗೊಂದು ಮಾತು ಹೇಳದೆ! ಬೇಕಾದರೆ ತಾನಾಗಿ ಬರಲಿ, ನಾನು ಹೋಗಿ ಕರೆಯುವವನಲ್ಲ ಎಂದು ಹಟ ಹಿಡಿದೆ. ಹಟವೇನೋ ಹಿಡಿದೆ, ಆದರೆ ದಿನಾ ಅವಳ ಊರ ಕಡೆಯಿಂದ ತೇನಿ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತಿರುತ್ತಿದ್ದೆ.

ಆ ದಿನಗಳಲ್ಲೇ ಚೈನಿನ ಸದ್ದು ಪೂರ್ತಿ ಅಡಗಿತು. ಕಬ್ಬಿಣಕ್ಕೆ ಕಾಯಿಲೆ ತಾನಾಗಿ ವಾಸಿಯಾಗುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವನು ನಾನು. ಆದರೂ, ಹೊಸ ಆಯಿಲ್ ಹಾಕಿದ್ದೇನಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ನನ್ನ ಬದುಕಿನಲ್ಲಿ ಒಂದಾದರೂ ನೆಟ್ಟಗಾಗುತ್ತಿದೆ ಎಂದು ನಂಬುವ ಆಸೆ. ಒಂದು ದಿನ ಮೊದಲಾಳಿ ಹಿಂದಿನ ಸೀಟಿನಿಂದ ಕೂಗಿದರು, "ವಂಡಿ ರೊಂಬ ಸದ್ದು ಮಾಡ್ತೈತೆ ತಂಬಿ, ಬಿಚ್ಚಾನವಾ?" ನಾನು ಸಿಡುಕಿದೆ: "ಸದ್ದೇ ಇಲ್ಲ ಮೊದಲಾಳಿ. ವಂಡಿ ವಿಷಯ ನನಗೆ ಬಿಡಿ." ಇನ್ನೂ ಎರಡು ಸಲ ಅದೇ ಮಾತು ಬಂತು. ಕೊನೆಗೆ ಅವರೇ, ನಾಳೆ ದಿಂಡಿಗಲ್ಲಿಗೆ ಹೊಡೆದುಕೊಂಡು ಹೋಗು ಎಂದು ಅಪ್ಪಣೆ ಮಾಡಿದರು. ಅವಮಾನದಿಂದ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಓಡಿಸಿದೆ.

ಅಲ್ಲಿನ ಗ್ಯಾರೇಜಿನ ಮೇಸ್ತ್ರಿ ನಮ್ಮವರೇ, ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವರೇ. ಕಾರು ನಿಲ್ಲಿಸುವ ಮೊದಲೇ ಎದ್ದು ಬಂದರು. "ಚೈನು ತಾನೆ? ಬೀದಿಯಾಗ್ ಬರುವಾಗ್ಲೇ ಕೇಳ್ತು" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಇಂಜಿನ್ನಿನ ಮುಚ್ಚಳಕ್ಕಿಟ್ಟು, ಅದರ ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೋ ಎಂದರು. ಒತ್ತಿಕೊಂಡೆ. ತಲೆಬುರುಡೆಯೊಳಗೆ ಚರಚರ ನುಗ್ಗಿತು, ಬೇಸಿಗೆಯಲ್ಲಿ ಕೇಳಿದ್ದಕ್ಕಿಂತ ಹತ್ತರಷ್ಟು. ಹಿಡಿ ತೆಗೆದರೆ ಇಂಜಿನ್ನಿನ ಮಂಕಾದ ಗುಂಯ್ ಅಷ್ಟೇ. ಮತ್ತೆ ಒತ್ತಿದೆ, ಮತ್ತೆ ತೆಗೆದೆ, ಕೊನೆಗೆ ಅದನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಯಾರೋ ಹೆಗಲು ಹಿಡಿದು ಅಲ್ಲಾಡಿಸಿದಾಗ ತಿರುಗಿದರೆ ಮೇಸ್ತ್ರಿ. ಇಂಜಿನ್ ಆರಿಸಿ, ಬೆನ್ನ ಹಿಂದೆ ನಿಂತು, ನನ್ನನ್ನು ಎಷ್ಟೋ ಸಲ ಕರೆದಿದ್ದರಂತೆ. "ಕಿವಿ ಹಿಂಗಾಗಿ ಎಷ್ಟ್ ದಿನ ಆತಪ್ಪ?" ಎಂದು ನನ್ನ ಮುಖದ ಹತ್ತಿರ ಬಂದು ಕೇಳಿದರು.

ಮಧುರೆಯಿಂದ ಚೈನು ಬರಲು ನಾಲ್ಕು ದಿನ ಹಿಡಿಯಿತು. ಬಿಚ್ಚಿದ ಮುಚ್ಚಳದ ಒಳಮೈಯನ್ನು ಹಳೆಯ ಚೈನು ಕೊರೆದು ಹಳ್ಳ ಮಾಡಿತ್ತು. ಇನ್ನೆರಡು ಸಲ ಬೋಡಿಮೆಟ್ಟು ಹತ್ತಿದ್ದರೆ ಮೊದಲಾಳಿಯ ಕಥೆ, ನನ್ನ ಕಥೆ ಎರಡೂ ಮುಗಿಯುತ್ತಿದ್ದವು. ಆದರೆ ನಾನು ಆ ನಾಲ್ಕು ದಿನ ಮನೆಯನ್ನೇ ನೆನೆಯುತ್ತಾ ಕೂತಿದ್ದೆ. ಓಡುವ ಕಾರಿನಲ್ಲಿ ಎಲ್ಲರೂ ಕಿರುಚಿಯೇ ಮಾತಾಡುತ್ತಾರೆ, ಅಲ್ಲಿ ನನಗೆ ಎಲ್ಲವೂ ಕೇಳುತ್ತಿತ್ತು. ಮೆಲ್ಲಗೆ ಮಾತಾಡುವವಳು ಮನೆಯಲ್ಲಿದ್ದವಳೊಬ್ಬಳೇ. ಒಲೆಯ ಕಡೆ ತಿರುಗಿ ಅವಳು ಏನೇನು ಹೇಳಿದ್ದಳೋ, ನಾನು ಯಾವುದಕ್ಕೆಲ್ಲ ಉತ್ತರ ಕೊಡದೆ ಉಣ್ಣುತ್ತಾ ಕೂತಿದ್ದೆನೋ. ಹಟ ಎಲ್ಲಿ ಹೋಯಿತೋ ಗೊತ್ತಿಲ್ಲ. ಕಾರು ಕೈಗೆ ಬಂದ ಕೂಡಲೇ ಕಂಬಂ ಕಡೆ ತಿರುಗದೆ ಒಡ್ಡನ್‌ಛತ್ರಕ್ಕೆ ಹೊರಟೆ.

ತರಕಾರಿ ಲಾರಿಗಳ ಸಾಲು ದಾಟಿ ಅತ್ತೆಯ ಮನೆ ತಲುಪಿದಾಗ ಅವಳು ಅಂಗಳದಲ್ಲಿ ಕೂತು ಮಾರುಕಟ್ಟೆಗೆ ನುಗ್ಗೆಕಾಯಿ ಕಂತೆ ಕಟ್ಟುತ್ತಿದ್ದಳು. ಅತ್ತೆ ನೀರು ಕೊಟ್ಟು ಒಳಗೆ ಹೋದರು. ಹೇಳದೆ ಯಾಕೆ ಬಂದೆ ಎಂದು ಕೇಳಿದೆ. ತಲೆಯೆತ್ತಿ ನನ್ನನ್ನೇ ನೋಡುತ್ತಾ ಜೋರಾಗಿಯೇ ಅಂದಳು: "ಮೂರ್ ದಪ ಹೇಳ್ದೆ ಮಾಮ, ಅಮ್ಮನ ಮನೇಗ್ ಹೋಯ್ತೀನಿ ಅಂತ. ನೀವು ಬಾಯೇ ಬಿಡಲಿಲ್ಲ."

"ನನಗೆ ಕಿವಿ ಹೋಯ್ತಾ ಐತೆ" ಎಂದೆ. "ನೀ ಹೇಳಿದ್ದು ಒಂದೂ ಕೇಳಿಲ್ಲ."

ಅವಳು ನಂಬಲಿಲ್ಲ. ಬೇಕಾದಾಗ ಬರುವ ಕಿವುಡು ಎಂಬಂತೆ ಮುಖ ಸಿಂಡರಿಸಿ, ಕಂತೆಗಳ ಕಡೆ ತಿರುಗಿದಳು. ಅವಳ ದವಡೆ ಅಲುಗುತ್ತಿತ್ತು. ಏನೋ ಹೇಳುತ್ತಿದ್ದಾಳೆ ಎಂದು ಅದರಿಂದಲೇ ಗೊತ್ತಾಯಿತು. ಏನಂದೆ ಎಂದೆ. ಮತ್ತೆ ಏನಂದೆ ಎಂದೆ. ಸುತ್ತು ಬಳಸಿ ಅವಳ ಎದುರಿಗೆ ಹೋಗಿ, ಮಣ್ಣಿನಲ್ಲಿ ಮೊಣಕಾಲೂರಿ ಅವಳ ತುಟಿಯನ್ನೇ ನೋಡಿದೆ. ನನ್ನ ಕಣ್ಣು ಎಲ್ಲಿ ನೆಟ್ಟಿದೆ ಎಂದು ಅವಳು ಕಂಡಳು. ಕೈಯಲ್ಲಿದ್ದ ಕಂತೆ ಜಾರಿತು. ಆಡಿ ತಿಂಗಳಿಂದ ಎದೆಯಲ್ಲಿ ಇಟ್ಟುಕೊಂಡಿದ್ದನ್ನು ಆಗ ಕಿರುಚಿ ಹೇಳಿದಳು. ಒಳಗಿದ್ದ ಅತ್ತೆ ಬಾಗಿಲಿಗೆ ಓಡಿ ಬಂದರು.

"ಕೂಸು ನಿಮ್ಮನ್ನ ಕರೀತು ಮಾಮ. ನೀವು ವಂಡಿಗ್ ನೀರು ಹುಯ್ತಾ ಇದ್ರಿ. ಅಪ್ಪಾ ಅಪ್ಪಾ ಅಂತ ನಾಕ್ ದಪ ಕರೀತು. ಅಪ್ಪ ಯಾಕ್ ಬರಲ್ಲ ಅಂತ ನನ್ನ ಕೇಳ್ತು. ನಾನೂ ಕರದೆ. ನೀವು ತಿರುಗಲೇ ಇಲ್ಲ. ನಿಮಗ್ ವಂಡಿನೇ ದೊಡ್ಡದಾಗೋಯ್ತು ಅಂತ ಇಷ್ಟು ದಿನಾನೂ ಅಂದ್ಕೊಂಡಿದ್ದೆ."

ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಮಗಳು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಸಿಟ್ಟು ಆ ಗಳಿಗೆಯಲ್ಲೇ ಇಳಿದಿತ್ತು, ಸಂಜೆಯೊಳಗೆ ನನ್ನ ಜೊತೆ ಕಾರು ಹತ್ತಿದಳು. ನನಗೆ ಕೇಳಿಸಲಿಲ್ಲ ಎಂದು ಅವಳಿಗೆ ಹೇಳಿದೆ, ಅವಳು ನಂಬಿದಳು. ಮಗಳಿಗೆ ಅದನ್ನು ಹೇಳುವವರು ಯಾರೂ ಇಲ್ಲ. ಅವಳು ಅಪ್ಪ ಬರಲಿಲ್ಲ ಎಂದೇ ತಿಳಿದು ಹೋದಳು.