ಐದು ಗಂಟೆಯ ಬಸ್ಸಿನ ಲೇಖನ

ಶೇಡಬಾಳದ ಜಯಪಾಲ ಕಾಲೇಜಿನ ಗ್ರಂಥಪಾಲಕ. ಸಂಜೆ ಬಸದಿಗೆ ಬಂದರೆ ಭಗವಂತನ ಮುಂದೆ ಕಣ್ಣು ಮುಚ್ಚಿ ಬಹಳ ಹೊತ್ತು ಕೂರುವವನು. ಈಚೆಗೆ ಹೊಸ್ತಿಲ ಹೊರಗಿನಿಂದಲೇ ಕೈ ಮುಗಿದು ಹೋಗುತ್ತಿದ್ದ. ಒಂದು ಸಂಜೆ ಬಸದಿಯ ಜಗಲಿಯ ಮೇಲೆ ನನ್ನ ಪಕ್ಕ ಕುಳಿತು, ತಾನಾಗಿಯೇ ಕಾರಣ ಹೇಳಿದ.

ವಿಶ್ವವಿದ್ಯಾಲಯಗಳ ಗ್ರಂಥಾಲಯಗಳ ಬಗ್ಗೆ ಈವರೆಗೆ ಯಾರು ಏನೇನು ಸಂಶೋಧನೆ ಮಾಡಿದ್ದಾರೆ ಎಂಬುದು ಅವನ ಪಿಎಚ್.ಡಿ. ವಿಷಯ. ಮೊದಲು ಎಲ್ಲರೂ ಪುಸ್ತಕ ಜೋಡಿಸುವ ಪದ್ಧತಿಯ ಬಗ್ಗೆ ಬರೆದರು, ಆಮೇಲೆ ಕಂಪ್ಯೂಟರಿನ ಬಗ್ಗೆ, ಈಗೀಗ ಓದುಗರ ಬಗ್ಗೆ. ಈ ಬದಲಾವಣೆಯನ್ನು ಅವನು ವರ್ಷಗಟ್ಟಲೆ ಕುಳಿತು ಗುರುತಿಸಿದ್ದ. 'ಗಡಿಭಾಗದ ಹೆಣ್ಣುಮಕ್ಕಳು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಯಾಕೆ ಕೂರುವುದಿಲ್ಲ ಎಂದು ಈವರೆಗೆ ಯಾರೂ ಕೇಳಿಲ್ಲ' ಎಂಬುದು ಕೊನೆಯ ಅಧ್ಯಾಯದ ಮುಖ್ಯ ಮಾತು. ಮಾರ್ಗದರ್ಶಕರು ಅದನ್ನೇ ಮೆಚ್ಚಿದ್ದರು.

ಪ್ರಬಂಧಕ್ಕೆ ರಟ್ಟು ಕಟ್ಟಿಸಿ ಆಗಿತ್ತು, ಒಪ್ಪಿಸುವುದು ಬಾಕಿ. ಅಷ್ಟರಲ್ಲೇ ಗೆಳೆಯರು ನಿಪ್ಪಾಣಿಯಲ್ಲಿ ಸತ್ಕಾರ ಇಟ್ಟರು. ನಮ್ಮ ಕಡೆ ಸುದ್ದಿ ಕಿವಿಗೆ ಬಿದ್ದರೆ ಸಾಕು, ಫ್ಲೆಕ್ಸ್ ಕಟ್ಟಿಯೇಬಿಡುತ್ತಾರೆ. 'ಡಾ. ಜಯಪಾಲ' ಎಂದು ಅವನ ಮುಖಕ್ಕಿಂತ ದೊಡ್ಡ ಅಕ್ಷರ.

"ಲೇ, ಇನ್ನ ಕೊಟ್ಟೇ ಇಲ್ಲ, ಇದನ್ಯಾಕ ಬರಸಿದ್ರಿ?" ಎಂದರೆ ಸಮಾಧಾನ ಎಂಬ ಗೆಳೆಯ ನಕ್ಕ. "ಡಿಗ್ರಿ ಬಂದಮ್ಯಾಲ ನೀ ನಮ್ಮ ಫೋನ್ ಎತ್ತತೀಯೋ ಇಲ್ಲೋ. ಈಗ್ಲೇ ಫೇಟಾ ಸುತ್ತಿಬಿಡತೀವಿ!"

ಕೊಗನೊಳ್ಳಿಯಿಂದ ಗಂಗೂಬಾಯಿಯೂ ಬಂದಿದ್ದರು. ಅವನಿಗೆ ಗ್ರಂಥಾಲಯದ ಕೆಲಸ ಕಲಿಸಿದ ಗುರು, ಎಲ್ಲರಿಗೂ 'ಬಾಯಾರು'. ನಡಿಗೆ ಕಷ್ಟವಾದರೂ ವೇದಿಕೆ ಹತ್ತಿ ತಾವೇ ಶಾಲು ಹೊದಿಸಿದರು. ಅವನು ಕಾಲಿಗೆ ಬಾಗಿ ಎದ್ದಾಗ ಮೆಲ್ಲಗೆ ಕೇಳಿದರು:

"ಜಯ್ಯಾ, ನನ್ನ ಬಸ್ಸಿನ ಲೇಖನ ಎಷ್ಟನೇ ಪುಟದಾಗ ಐತೋ? ಮೊಮ್ಮಗಳಿಗೆ ತೋರಸಬೇಕು."

ಜಯಪಾಲ ವಿದ್ಯಾರ್ಥಿಯಾಗಿದ್ದಾಗ ಬಾಯಾರು ವಿಶ್ವವಿದ್ಯಾಲಯದ ಮುಂದಿನ ಬಸ್ ನಿಲ್ದಾಣದಲ್ಲಿ ಗಡಿಯ ಬೋರಗಾಂವದ ಹುಡುಗಿಯರನ್ನು ಮಾತಾಡಿಸಿ, ಮರಾಠಿಯಲ್ಲಿ ಒಂದು ಲೇಖನ ಬರೆದಿದ್ದರು. ಹುಡುಗಿಯರಿಗೆ ಓದು ಬೇಡವಾಗಿಲ್ಲ, ಐದು ಗಂಟೆಯ ಬಸ್ಸು ತಪ್ಪಿದರೆ ಊರಿಗೆ ಬೇರೆ ಬಸ್ಸಿಲ್ಲ, ಅದಕ್ಕೇ ಗ್ರಂಥಾಲಯದಲ್ಲಿ ಕೂರುವುದಿಲ್ಲ ಎಂದು. ಅಂದು ಪಕ್ಕದಲ್ಲಿ ನಿಂತು ಅವರ ಉತ್ತರ ಬರೆದುಕೊಂಡವನು ಇದೇ ಜಯಪಾಲ.

ಅವನು ಮರೆತಿರಲಿಲ್ಲ. ಹುಡುಕಿದ ಇಂಗ್ಲಿಷ್ ಜಾಲತಾಣಗಳಲ್ಲಿ ಅದು ಸಿಗಲಿಲ್ಲ, ತಾನಾಗಿ ಸೇರಿಸಿದರೆ ಮಾರ್ಗದರ್ಶಕರು ಮೆಚ್ಚಿದ ವಾಕ್ಯ ನಿಲ್ಲುವುದಿಲ್ಲ. ಮರಾಠಿ ಲೇಖನ ಯಾರು ನೋಡುತ್ತಾರೆ ಎಂದುಕೊಂಡ, ಮನೆಯಲ್ಲಿ ಅರ್ಧ ಮಾತು ಮರಾಠಿಯಲ್ಲೇ ಆಡುವವನು.

"ಇಲ್ಲರಿ ಬಾಯಾರ. ನಾನ ಬಿಟ್ಟೇನ್ರಿ. ಗೊತ್ತಿದ್ದೂ ಬಿಟ್ಟೇನ್ರಿ."

ಅವರು ಅವನ ಮುಖ ನೋಡಿದರು. ಶಾಲಿನ ಮಡಿಕೆ ಸರಿಪಡಿಸಿದರು. "ಇರ್ಲಿ ಬಿಡಪಾ. ಅದೇನ ದೊಡ್ಡ ಸಂಶೋಧನಾ? ಬಸ್ಸಿನ ಮಾತ." ಮೊಮ್ಮಗಳು ನೀಲಮ ಕೆಳಗಿನಿಂದ ಮೊಬೈಲ್ ಎತ್ತಿ "ಆಜಿ, ಇಕಡೆ ಬಘ" ಎಂದು ತನ್ನತ್ತ ನೋಡಲು ಕರೆದಾಗ ಫೋಟೋಗೆ ನಕ್ಕರು ಕೂಡ.

ಜಯಪಾಲ ತಲೆಗೆ ಸುತ್ತಿದ್ದ ಫೇಟಾ ತೆಗೆದು ಮೈಕ್ ಹಿಡಿದ. "ಯಾರೂ ಕೇಳಿಲ್ಲ ಅಂತ ಬರದೇನಿ. ಬಾಯಾರ ಮೊದಲ ಕೇಳಿದ್ರು. ಅದನ್ನ ಬರಿಯೂತನಾ ಈ ಪ್ರಬಂಧ ಕೊಡೂದಿಲ್ಲ."

"ಒಂದ ಲೇಖನಕ್ಕ ಇಷ್ಟೇನೋ ಮಾರಾಯಾ? ಕೆಳಗಿಳಿ, ಊಟ ಆರಾಕತ್ತೈತಿ" ಎಂದ ಸಮಾಧಾನ. ಎಲ್ಲರೂ ನಕ್ಕು ಊಟಕ್ಕೆ ಎದ್ದರು.

ಮಾರ್ಗದರ್ಶಕರು ಸಿಟ್ಟಾದರು. ಪದವಿ ಮುಂದೆ ಹೋಯಿತು. ರಟ್ಟು ಬಿಚ್ಚಿಸಿ, ಆ ವಾಕ್ಯ ತೆಗೆದು, ಅದರ ಜಾಗದಲ್ಲಿ ಬಾಯಾರ ಹೆಸರೂ ಲೇಖನವೂ ಬರುವಂತೆ ಅಧ್ಯಾಯವನ್ನೇ ತಿರುಗಿ ಬರೆದ. ಆ ಹಾಳೆ ಹಿಡಿದು ಕೊಗನೊಳ್ಳಿಗೆ ಹೋದ. ಬಾಯಾರು ಕನ್ನಡಕ ಹಾಕಿಕೊಂಡು ಓದಿದರು, "ಚಲೋ ಆತು" ಎಂದರು, ಚಹಾ ಮಾಡಿಕೊಟ್ಟರು. ನೀಲಮ ಒಳಗೇ ಇದ್ದಳು.

"ಮೊಮ್ಮಗಳಿಗೆ ತೋರಸಬೇಕು ಅಂದಿದ್ರು, ಆಕೀನ ಕರೀಲೇ ಇಲ್ಲರಿ" ಎಂದ ಜಯಪಾಲ. ಜಗಲಿಯಿಂದ ಎದ್ದು, ಅವತ್ತೂ ಬಸದಿಯ ಹೊಸ್ತಿಲಿನಿಂದಲೇ ಕೈ ಮುಗಿದು ಹೋದ.